ಕೆಂಪು ದೀಪದ ಪ್ರಾಮಾಣ್ಯ

ವಿಷಯ: ಸಿಗ್ನಲ್ ಕಂಬದಲ್ಲಿ ತಂತಿ ಕಾಯಿಸುವ ಹಳೆಯ ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಂದಿರುವುದು. ಸಂಶಯ: ಇದರ ಮುಖ್ಯ ಫಲ ಯಾವುದು?

ಕರೆಂಟಿನ ಉಳಿತಾಯ ಎನ್ನುತ್ತಾರೆ. ಅದು ನಿಜವೇ. ಸಿಗ್ನಲ್ಲಿನ ಪ್ರತಿ ಮುಖದಲ್ಲೂ ಹಗಲಿರುಳು ಯಾವುದಾದರೊಂದು ಬಣ್ಣ ಉರಿಯುತ್ತಿರಬೇಕು. 100 ವಾಟಿನ ಬಲ್ಬಾದರೆ ದಿನಕ್ಕೆ 2.4 ಯೂನಿಟ್, 10 ವಾಟಿನ ಎಲ್‌ಇಡಿಗೆ ಅದರ ಹತ್ತನೇ ಒಂದು ಪಾಲು ಸಾಕು. ಆದರೂ ಇದು ಆನುಷಂಗಿಕ ಫಲ, ಹಣ್ಣಿಗೆಂದು ಮಾವು ನೆಟ್ಟವನಿಗೆ ನೆರಳೂ ಸಿಕ್ಕಂತೆ.

ಮುಖ್ಯ ಫಲ ಸ್ಪಷ್ಟತೆ. ಕೆಂಪು ದೀಪವೆಂದರೆ ಒಂದು ನಿಷೇಧವಾಕ್ಯ: 'ದಾಟಬೇಡ'. ಹೇಳುವವರು ಎದುರಿಗಿಲ್ಲ, ನಂಬಬೇಕಾದದ್ದು ಬೆಳಕೊಂದನ್ನೇ. ಅದರಲ್ಲೇ ಸಂದೇಹ ಹುಟ್ಟಿದರೆ ಆಜ್ಞೆ ಇದ್ದೂ ಇಲ್ಲದಂತೆ. ಹಳೆಯ ಸಿಗ್ನಲ್ಲಿನಲ್ಲಿ ಬಲ್ಬಿನ ಹಿಂದೆ ಹೊಳಪಿನ ತಟ್ಟೆ, ಮುಂದೆ ಬಣ್ಣದ ಗಾಜು. ಸಂಜೆ ಪೂರ್ವಕ್ಕೆ ಹೊರಟ ಸವಾರನ ಬೆನ್ನ ಹಿಂದಿನಿಂದ ಇಳಿಬಿಸಿಲು ಆ ಗಾಜಿನೊಳಗೆ ನುಗ್ಗಿದರೆ ತಟ್ಟೆ ಅದನ್ನು ಮರಳಿ ಎಸೆಯುತ್ತಿತ್ತು. ಉರಿಯದ ಹಸಿರೂ ಉರಿದಂತೆ ತೋರುತ್ತಿತ್ತು. 'ನಿಲ್ಲು', 'ಹೋಗು' ಎರಡನ್ನೂ ಒಮ್ಮೆಗೇ ಕಂಡವನು ಏನು ಮಾಡಬೇಕು? ಎಲ್‌ಇಡಿಯಿಂದ ಹೊರಡುವಾಗಲೇ ಬೆಳಕು ಕೆಂಪು, ಇಲ್ಲವೇ ಹಸಿರು. ಬಣ್ಣ ಸೋಸುವ ಗಾಜು ಬೇಡ, ಹಿಂದಿನ ತಟ್ಟೆಯೂ ಬೇಡ. ಆ ಹುಸಿ ಹೊಳಪು ಬಹುಮಟ್ಟಿಗೆ ಹೋಯಿತು. ಈ ಹಸಿರು ಸುಲಭಕ್ಕೆ ಬಂದದ್ದಲ್ಲ. ಕೆಂಪು ಎಲ್‌ಇಡಿ 1962ರಲ್ಲೇ ಬೆಳಗಿತು. ಸಿಗ್ನಲ್ಲಿಗೆ ಸಾಲುವಷ್ಟು ಪ್ರಖರವಾದ ಹಸಿರಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ನೀಲಿ ಎಲ್‌ಇಡಿಗಾಗಿ 2014ರ ನೊಬೆಲ್ ಪಡೆದ ಅಕಸಾಕಿ, ಅಮಾನೊ, ನಕಾಮುರಾ ಅವರು ಪಳಗಿಸಿದ ಗ್ಯಾಲಿಯಂ ನೈಟ್ರೈಡೇ ಅದಕ್ಕೂ ದಾರಿ ಮಾಡಿತು.

ಬಲ್ಬಿಗೆ ಇರುವುದು ಒಂದೇ ತಂತಿ. ಅದು ಕಡಿದರೆ ಕತ್ತಲೆ. ಎಲ್‌ಇಡಿ ಫಲಕದಲ್ಲಿ ನಾಲ್ಕು ಚುಕ್ಕಿ ಆರಿದರೂ ಮಾತು ನಿಲ್ಲದು. ಎಲ್‌ಇಡಿಗೆ ಬೇಕಾದದ್ದು ಕಡಿಮೆಯಾದ್ದರಿಂದ ಕರೆಂಟು ಹೋದರೆ ಬ್ಯಾಟರಿ ಗಂಟೆಗಟ್ಟಲೆ ಚೌಕವನ್ನು ನಡೆಸೀತು. ಉಳಿತಾಯ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಇಲ್ಲಿ, ಅದು ಆಜ್ಞೆಯನ್ನು ಕಾಯುವಾಗ.

ಪೂರ್ವಪಕ್ಷ: ಬಲ್ಬಿನ ಬಿಸಿ ಹಿಮ ಕರಗಿಸುತ್ತಿತ್ತು; ತಣ್ಣನೆಯ ಎಲ್‌ಇಡಿಯ ಮೇಲೆ ಅದು ಕಟ್ಟಿಕೊಳ್ಳುತ್ತದೆ. ಹೌದು. 2009ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಹಿಮ ಮುಚ್ಚಿದ ಸಿಗ್ನಲ್ಲಿನಿಂದಾಗಿ ಒಂದು ಜೀವವೇ ಹೋಯಿತು. ಹೋದ ಜೀವಕ್ಕೆ ವಾದದಿಂದ ಉತ್ತರವಿಲ್ಲ. ಆದರೆ ಕೆಲವು ದಿನಗಳ ಹಿಮಕ್ಕಾಗಿ ವರ್ಷವಿಡೀ ಒಲೆ ಉರಿಸಬೇಕಿಲ್ಲ. ಹಿಮ ನಿಲ್ಲದ ಮರೆ, ಬೇಕಾದಾಗ ಮಾತ್ರ ಕಾಯುವ ಗಾಜು, ಇಂಥ ಉಪಾಯಗಳಿವೆ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದು: ಬಲ್ಬು ಸತ್ತರೆ ಎಲ್ಲರಿಗೂ ತಿಳಿಯುತ್ತದೆ, ಎಲ್‌ಇಡಿ ವರ್ಷಗಟ್ಟಲೆ ಮೆಲ್ಲಗೆ ಮಂಕಾಗುತ್ತ ಹೋಗುತ್ತದೆ, ಯಾರಿಗೂ ತಿಳಿಯದು. ಸ್ಪಷ್ಟತೆಯೇ ಫಲವೆಂದ ನೀವು ಇದಕ್ಕೇನು ಹೇಳುತ್ತೀರಿ?

ಒಪ್ಪುತ್ತೇನೆ. ಬಿಸಿಲಿನ ಕಾವಿಗೆ ಕೆಂಪು ಇನ್ನಷ್ಟು ಸೊರಗುತ್ತದೆ ಎಂಬುದನ್ನೂ ನಾನೇ ಸೇರಿಸುತ್ತೇನೆ. ಆದರೆ ಅಂಗಗಳು ಕೂಡದೆ ಕರ್ಮ ಫಲ ಕೊಡದೆಂದು ಯಜ್ಞವಿಧಿಗಳನ್ನು ವಿಚಾರಿಸಿದ ಮೀಮಾಂಸಕರು ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ. ದೀಪ ಪ್ರಧಾನ, ಪಾಲನೆ ಅದರ ಅಂಗ. ವರ್ಷಕ್ಕೊಮ್ಮೆ ಬೆಳಕಿನ ಅಳತೆ, ಮಂಕಾದ ಫಲಕ ಆರುವ ಮುಂಚೆಯೇ ಬದಲಾವಣೆ, ಮಳೆಗಾಲಕ್ಕೆ ಮೊದಲು ಮುಚ್ಚಳದ ರಬ್ಬರು, ಬೇಸಿಗೆಯ ಧೂಳು ಒರೆಸುವ ಕೈ, ಬ್ಯಾಟರಿಯ ತಪಾಸಣೆ: ದೀಪ ಕೊಳ್ಳುವ ಟೆಂಡರಿನಲ್ಲೇ ಇವೂ ಬರೆದಿರಬೇಕು.