ಅಭಿಮಾನಿಯ ‘ನಾವು’

“ಮಾವ, ನಿನ್ನೆ ನಾವ್ ಗೆದ್ವಿ.”

ಕಳೆದ ಚಳಿಗಾಲದ ಒಂದು ಬೆಳಗ್ಗೆ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಅಂಗಳದಲ್ಲಿ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಾಗ ನನ್ನ ಅಕ್ಕನ ಮಗ ಬಂದು ಹೇಳಿದ ಮಾತು ಇದು. ಅವನ ಗಂಟಲು ಕಟ್ಟಿ ಹೋಗಿತ್ತು. ಧೂಳಿಗೆ ಕಣ್ಣು ಕೆಂಪಾಗಿತ್ತು. ಮುಖದಲ್ಲಿ ಮಾತ್ರ ರಾಜ್ಯ ಗೆದ್ದವನ ಕಳೆ. ಯಾವುದೋ ಸೊಸೈಟಿಯ ಚುನಾವಣೆ ಇರಬೇಕೆಂದುಕೊಂಡೆ. ಅಲ್ಲ, ಹೋರಿ. ಸೊರಬದ ಕಡೆಯ ಒಂದು ಊರಿನ ಹಬ್ಬದಲ್ಲಿ ಅವನ ಮೆಚ್ಚಿನ ಹೋರಿ ಕೊರಳಿನ ಕೊಬ್ಬರಿಯನ್ನು ಯಾರ ಕೈಗೂ ಕೊಡದೆ ಅಖಾಡ ದಾಟಿತ್ತಂತೆ.

ಹೋರಿ ನಿನ್ನದೇನು ಎಂದು ಕೇಳಿದೆ. ಅಲ್ಲ. ನಿಮ್ಮೂರಿನದೆ? ಅದೂ ಅಲ್ಲ, ಒಡೆಯ ಹದಿನೈದು ಮೈಲಿ ಆಚೆಯವನು. ನೀನು ಅದಕ್ಕೆ ಒಂದು ದಿನವಾದರೂ ಹುಲ್ಲು ಹಾಕಿದ್ದೀಯೇನು? ಇಲ್ಲ. ಆದರೂ ಅದರ ಚಿತ್ರ ಅಚ್ಚು ಹಾಕಿದ ಅಂಗಿಯನ್ನು ತೊಟ್ಟು ನಿಂತಿದ್ದಾನೆ, “ನಾವು ಗೆದ್ವಿ” ಎನ್ನುತ್ತಾನೆ. (ಆ ಹೋರಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬೇರೆ ಹೋರಿಗಳ ಕಡೆಯವರು ಈ ಪುರವಣಿಯನ್ನು ಓದುವುದನ್ನೇ ಬಿಟ್ಟಾರು.)

ಪೇಟೆಯ ಓದುಗರಿಗೆ ಎರಡು ಮಾತು ಹೇಳಬೇಕು. ಶಿಕಾರಿಪುರ, ಸೊರಬ, ಆಚೆಗೆ ಹಾನಗಲ್ಲು, ಹಾವೇರಿಯ ಸೀಮೆಯಲ್ಲಿ ದೀಪಾವಳಿಯ ಪಾಡ್ಯ ಕಳೆಯಿತೆಂದರೆ ಹೋರಿ ಹಬ್ಬದ ಕಾಲ. ಒಂದು ವಾರ ಈ ಊರು, ಮುಂದಿನ ವಾರ ಆ ಊರು, ಹೀಗೆ ತಿಂಗಳುಗಟ್ಟಲೆ ನಡೆಯುತ್ತದೆ. ವರ್ಷವೆಲ್ಲ ಹುರುಳಿ, ಹಿಂಡಿ ತಿನ್ನಿಸಿ ಮಕ್ಕಳಂತೆ ಸಾಕಿದ ಹೋರಿಗೆ ಝೂಲ ಹೊದಿಸಿ, ಬಲೂನು ಕಟ್ಟಿ, ಕೊರಳ ತುಂಬ ಒಣಕೊಬ್ಬರಿಯ ಹಾರ ಹಾಕಿ ಜನರ ನಡುವಿನ ಓಣಿಯಲ್ಲಿ ಬಿಡುತ್ತಾರೆ. ಕೊಬ್ಬರಿ ಹರಿದುಕೊಂಡವನು ಗಂಡಸು. ಹರಿಯಗೊಡದೆ ಹಾಯ್ದು ಹೋದದ್ದು ಗೆದ್ದ ಹೋರಿ. ಬಹುಮಾನಕ್ಕೆ ಬಂಗಾರ, ಮೋಟಾರ್ ಸೈಕಲ್ಲು. ಹೋರಿಗಳಿಗೆ ಸಿನಿಮಾ ನಾಯಕರ ಹಾಗೆ ಬಿರುದು, ಅಭಿಮಾನಿಗಳ ಬಳಗ. ಹೆಸರಾದ ಹೋರಿ ಸತ್ತರೆ ಮೆರವಣಿಗೆ ಮಾಡಿ ಮಣ್ಣು ಕೊಡುತ್ತಾರೆ. ನನ್ನ ಅಳಿಯ ಬೆಂಗಳೂರಿನಲ್ಲಿ ಒಂದು ಕಂಪನಿಯ ನೌಕರ. ಈ ತಿಂಗಳುಗಳಲ್ಲಿ ಶನಿವಾರ ರಾತ್ರಿ ಬಸ್ಸು ಹತ್ತುತ್ತಾನೆ, ಭಾನುವಾರ ಹೋರಿಯ ಹಿಂದೆ ಹೋಗುತ್ತಾನೆ, ಸೋಮವಾರ ಕುರ್ಚಿಯಲ್ಲಿ ತೂಕಡಿಸುತ್ತಾನೆ. ಈ ಸಲ ಸೋಮವಾರ ರಜೆ ಸಿಕ್ಕಿತ್ತು. ಹಾಗಾಗಿ ನನ್ನ ಕೈಗೂ ಸಿಕ್ಕಿದ.

ಅವನನ್ನು ನಗುವುದು ಸುಲಭ. ನಾನೂ ಒಂದು ಕ್ಷಣ ನಕ್ಕೆ. ಆಮೇಲೆ ೧೯೭೪ರ ಮಾರ್ಚ್ ನೆನಪಾಗಿ ನಗು ನಿಂತಿತು.

ಆಗ ನಾನು ಹೈಸ್ಕೂಲಿನ ಹುಡುಗ. ರಣಜಿ ಟ್ರೋಫಿಯನ್ನು ಬೊಂಬಾಯಿಯವರು ಹದಿನೈದು ವರ್ಷ ಬಿಡದೆ ಗೆದ್ದುಕೊಂಡಿದ್ದರು. ಹಿಂದಿನ ನವೆಂಬರ್ ಒಂದರಂದು ಮೈಸೂರು ರಾಜ್ಯ ಕರ್ನಾಟಕವಾಗಿತ್ತು. ಆ ಹೊಸ ಹೆಸರಿನಲ್ಲಿ ಆಡಿದ ಮೊದಲ ವರ್ಷವೇ ಪ್ರಸನ್ನನ ನಾಯಕತ್ವದಲ್ಲಿ ನಮ್ಮ ತಂಡ ಬೊಂಬಾಯಿಯನ್ನು ಬೆಂಗಳೂರಿನ ಸೆಮಿಫೈನಲಿನಲ್ಲಿ ತಡೆದು, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ತಂದಿತು. ಗವಾಸ್ಕರನನ್ನು ಪ್ರಸನ್ನ ಬೌಲ್ಡ್ ಮಾಡಿದ ಸುದ್ದಿ ಬಂದಾಗ ನಾವು ಹುಡುಗರು ಬೀದಿಗೆ ಓಡಿ “ಗೆದ್ದೆವು” ಎಂದು ಕೂಗಿದೆವು. ಆಟ ಇನ್ನೂ ಬಹಳ ಉಳಿದಿತ್ತೆಂಬುದು ಬೇರೆ ಮಾತು. ವಿಶ್ವನಾಥ ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ ಹುಟ್ಟಿದವನೆಂಬ ಒಂದೇ ಕಾರಣಕ್ಕೆ ಅವನ ಸ್ಕ್ವೇರ್ ಕಟ್ಟಿನಲ್ಲಿ ನಮಗೂ ಪಾಲಿದೆ ಎಂದು ನಾನು ಮನಸಾರೆ ನಂಬಿದ್ದೆ. ನಿಜ ಹೇಳಬೇಕೆಂದರೆ ಈಗಲೂ ನಂಬಿದ್ದೇನೆ.

ಹಾಗಾದರೆ ಈ ‘ನಾವು’ ಯಾರು?

ಅಳಿಯನ ಹೋರಿಯ ಅಂಗಿಯ ಕೆಳಗೆ ಇನ್ನೊಂದು ಅಂಗಿ ಇಣುಕುತ್ತಿತ್ತು: ರಾಯಲ್ ಚಾಲೆಂಜರ್ಸಿನ ಕೆಂಪು ಬನಿಯನ್ನು. ಅಲ್ಲಂತೂ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಆ ತಂಡ ಹುಟ್ಟಿದ್ದು ೨೦೦೮ರಲ್ಲಿ. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. ಇಂದು ನಮ್ಮವನಾಗಿದ್ದವನು ನಾಳೆ ಎದುರಾಳಿ. ಮೊದಲ ವರ್ಷದಿಂದ ೨೦೨೫ರವರೆಗೂ ಉಳಿದುಕೊಂಡು ಬಂದವನು ಕೋಹ್ಲಿ ಒಬ್ಬನೇ, ಅವನೋ ದಿಲ್ಲಿಯವನು. ಕರ್ನಾಟಕದವನೇ ಆದ ರಾಹುಲ ೨೦೨೫ರಲ್ಲಿ ದಿಲ್ಲಿಯ ತಂಡದಲ್ಲಿದ್ದ. ತಂಡದ ಹೆಸರಿನಲ್ಲಿದ್ದ ಬ್ಯಾಂಗಲೂರು ಕೂಡ ೨೦೨೪ರಲ್ಲಿ ಬೆಂಗಳೂರಾಯಿತು. ಆಟಗಾರ ಬದಲಾದ, ಹೆಸರು ಬದಲಾಯಿತು. ಬದಲಾಗದೆ ನಿಂತವನು ನೋಡುವವನು ಮಾತ್ರ. ತಂಡ ಎಂಬುದು ಎಲ್ಲಾದರೂ ಇದ್ದರೆ ಅದು ಅಭಿಮಾನಿಯ ಎದೆಯಲ್ಲಿ ಇದೆ ಎನ್ನಬೇಕಾಗುತ್ತದೆ.

ಅಭಿಮಾನ ಎಂಬ ಶಬ್ದದ ಕಥೆಯೇ ವಿಚಿತ್ರವಾದದ್ದು. ವೇದಾಂತಿಗಳ ಬಾಯಲ್ಲಿ ಅದು ಒಳ್ಳೆಯ ಮಾತಲ್ಲ. ತಾನಲ್ಲದ್ದನ್ನು ತಾನೆಂದು ಬಗೆಯುವುದು ಅಭಿಮಾನ. ದೇಹಾಭಿಮಾನ ಎಂಬುದು ಬಿಡಬೇಕಾದ ಭ್ರಮೆ. ಕನ್ನಡದಲ್ಲಿ ಅದೇ ಶಬ್ದ ಸ್ವಾಭಿಮಾನ, ಭಾಷಾಭಿಮಾನ ಎಂದು ಮರ್ಯಾದೆ ಪಡೆಯಿತು. ರಾಜಕುಮಾರರು ಅದಕ್ಕೆ ಇನ್ನೂ ಒಂದು ಮೆಟ್ಟಿಲು ಹಾಕಿ, ನೋಡುವವರನ್ನು ‘ಅಭಿಮಾನಿ ದೇವರುಗಳು’ ಎಂದರು. ಭ್ರಾಂತಿಯಿಂದ ಹೊರಟ ಶಬ್ದ ದೇವರವರೆಗೆ ಬಂದು ಮುಟ್ಟಿತು. ಯಾವುದು ಸರಿ?

ಭ್ರಮೆ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ‘ನಮ್ಮ ಪಂಪ’ ಎನ್ನುತ್ತೇವೆ; ಪಂಪನ ಒಂದು ಪದ್ಯದಲ್ಲಿ ನಮ್ಮ ಕೈ ಇದೆಯೆ? ನಾನು ಕುಳಿತಿದ್ದ ಈ ಮೂರು ಗರ್ಭಗುಡಿಗಳ ಕೇದಾರೇಶ್ವರ ಸುಮಾರು ಸಾವಿರ ವರ್ಷದ ಹಿಂದಿನದು. ಬಳ್ಳಿಗಾವಿ ಆಗ ಬನವಾಸಿ ನಾಡಿನ ರಾಜಧಾನಿ. ಈಗ ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಆದರೂ ಈ ಊರಿನ ಹೋಟೆಲಿನಲ್ಲಿ ಚಹಾ ಕುಡಿಯುವವನು “ನಮ್ಮ ಕಾಲದಲ್ಲಿ ಇಲ್ಲಿ ಎಷ್ಟು ಮಠ, ಎಷ್ಟು ಗುಡಿ” ಎಂದು ಹೇಳುವಾಗ ಅವನ ‘ನಮ್ಮ ಕಾಲ’ ಚಾಲುಕ್ಯರ ಕಾಲ. ಆ ‘ನಾವು’ ಸುಳ್ಳಾದರೆ ಹೋರಿಯ ‘ನಾವೂ’ ಸುಳ್ಳು. ಎರಡನ್ನೂ ಕಿತ್ತೊಗೆದರೆ ಮನುಷ್ಯನ ಹತ್ತಿರ ಉಳಿಯುವುದು ತನ್ನ ಸಂಬಳದ ಚೀಟಿ ಮತ್ತು ತನ್ನ ಹಲ್ಲುನೋವು. ಅಲ್ಲಮ ಹುಟ್ಟಿದ್ದು ಈ ಊರಿನಲ್ಲೇ ಎಂಬ ಪ್ರತೀತಿ ಇದೆ. ‘ನಾನು’ ಎಂಬುದನ್ನು ಅವನಷ್ಟು ನಿಷ್ಠುರವಾಗಿ ಕೇಳಿದವರಿಲ್ಲ. ಆದರೆ ಹರಿಹರ ಹೇಳುವ ಕಥೆಯಲ್ಲಿ ಅವನೂ ಮೊದಲು ಮದ್ದಳೆ ಬಾರಿಸುವವನು, ಕಾಮಲತೆಯನ್ನು ಮೆಚ್ಚಿ, ಅವಳು ಸತ್ತಾಗ ಮರುಳನಂತೆ ಅಲೆದವನು. ಮೋಹವನ್ನೇ ಕಾಣದವನಿಗೆ ಅದನ್ನು ದಾಟುವ ಮಾತೂ ಇಲ್ಲ.

ಅಭಿಮಾನಿಯ ಪರವಾಗಿ ಇನ್ನೊಂದು ಮಾತು. ಅವನು ಸೋಲಿನಲ್ಲಿ ನಿಲ್ಲುತ್ತಾನೆ. ಈ ಬೆಂಗಳೂರು ತಂಡ ೨೦೦೯ರಲ್ಲಿ, ೨೦೧೧ರಲ್ಲಿ, ೨೦೧೬ರಲ್ಲಿ ಫೈನಲಿಗೆ ಬಂದು ಮೂರು ಸಲವೂ ಸೋತಿತು. ೨೦೧೭ರಲ್ಲಿ ಕಲ್ಕತ್ತೆಯಲ್ಲಿ ೪೯ ರನ್ನಿಗೆ ಎಲ್ಲರೂ ಔಟಾದರು. ೨೦೨೪ರಲ್ಲಿ ಮೊದಲ ಎಂಟು ಆಟಗಳಲ್ಲಿ ಏಳನ್ನು ಸೋತು, ಮುಂದಿನ ಆರನ್ನೂ ಗೆದ್ದು, ಆಸೆ ಹುಟ್ಟಿಸಿ, ಮತ್ತೆ ಸೋತಿತು. ಪ್ರತಿ ವರ್ಷ “ಈ ಸಲ ಕಪ್ ನಮ್ದೆ” ಎಂದ ಹುಡುಗರನ್ನು ಊರೆಲ್ಲ ಹಾಸ್ಯ ಮಾಡಿತು. ಅವರು ಮರುವರ್ಷವೂ ಅದನ್ನೇ ಹೇಳಿದರು. ಬರುವ ಲಾಭ ಏನೂ ಇಲ್ಲ. ಗೆದ್ದರೂ ಹಣ ಆಟಗಾರನಿಗೆ, ಕಂಪನಿಗೆ. ಫಲದಲ್ಲಿ ಪಾಲಿಲ್ಲದ ಇಂಥ ನಿಷ್ಠೆಯನ್ನು ನಮ್ಮ ಎಷ್ಟೋ ದೊಡ್ಡ ಕೆಲಸಗಳಲ್ಲಿ ನಾನು ಕಂಡಿಲ್ಲ. ಅಮೆರಿಕೆಯ ಬೇಸ್‌ಬಾಲ್ ಆಟದಲ್ಲಿ ಶಿಕಾಗೊ ಕಬ್ಸ್ ಎಂಬ ತಂಡ ೧೯೦೮ರಲ್ಲಿ ಗೆದ್ದ ಮೇಲೆ ಮತ್ತೆ ಗೆದ್ದದ್ದು ೨೦೧೬ರಲ್ಲಿ, ನೂರೆಂಟು ವರ್ಷಕ್ಕೆ. ಆಗ ಜನ ಕ್ರೀಡಾಂಗಣದ ಹೊರಗೋಡೆಯ ಮೇಲೆ, ಕಾಯುತ್ತ ಕಾಯುತ್ತ ಸತ್ತುಹೋದ ತಮ್ಮ ತಂದೆಯ, ಅಜ್ಜಿಯ ಹೆಸರುಗಳನ್ನು ಸೀಮೆಸುಣ್ಣದಲ್ಲಿ ಬರೆದರು. ಅವರ ‘ನಾವು’ ಎಂಬುದರಲ್ಲಿ ತೀರಿಕೊಂಡವರೂ ಸೇರಿದ್ದರು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ. ೧೯೭೬ರಲ್ಲಿ ಅಮೆರಿಕೆಯ ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತು ಅವನ ಜೊತೆಯವರು ವಿದ್ಯಾರ್ಥಿಗಳನ್ನು ಗಮನಿಸಿ ಒಂದು ಸಂಗತಿ ಪ್ರಕಟಿಸಿದರು. ತಮ್ಮ ಕಾಲೇಜು ಗೆದ್ದಾಗ ಹುಡುಗರು ‘ನಾವು’ ಎನ್ನುವುದು ಹೆಚ್ಚು. ಸೋತಾಗ ಆ ‘ನಾವು’ ಕಡಿಮೆಯಾಗುತ್ತದೆ. ನನ್ನ ಅಳಿಯ ಈ ಪರೀಕ್ಷೆಯಲ್ಲಿ ಪಾಸಾಗುತ್ತಾನೆ. ಹದಿನೇಳು ವರ್ಷ ಸೋತಾಗಲೂ ಅವನು “ನಾವ್ ಸೋತ್ವಿ” ಎಂದೇ ಹೇಳಿದವನು. ಅವನು ಎಡವಿದ್ದು ಬೇರೆ ಕಡೆ.

೨೦೨೫ರ ಜೂನ್ ೩ರಂದು ಅಹಮದಾಬಾದಿನಲ್ಲಿ ತಂಡ ಪಂಜಾಬಿನವರನ್ನು ಆರು ರನ್ನುಗಳಿಂದ ಸೋಲಿಸಿ ಕಪ್ ಗೆದ್ದಿತು. ಮರುದಿನ ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಬಹಳ ಮಂದಿ ಎಳೆಯರು. ಅಳಿಯ ಆ ಗುಂಪಿನಲ್ಲಿದ್ದ. ಒಂದು ಚಪ್ಪಲಿ ಕಳೆದುಕೊಂಡು, ಅಂಗಿ ಹರಿದುಕೊಂಡು ರಾತ್ರಿ ರೂಮಿಗೆ ಬಂದನಂತೆ. ಹೊಣೆ ಯಾರದು ಎಂಬುದನ್ನು ತೀರ್ಮಾನಿಸಬೇಕಾದವರು ತೀರ್ಮಾನಿಸಲಿ. ಅದು ನನ್ನ ವಿಷಯವಲ್ಲ. ನನ್ನ ಕಿವಿಗೆ ತಾಗಿದ್ದು ಅವನ ವ್ಯಾಕರಣ. ಆ ದಿನದ ಕಥೆಯನ್ನು ಕೇದಾರೇಶ್ವರದ ಅಂಗಳದಲ್ಲಿ ಅವನು ಹೀಗೆ ಹೇಳಿದ: “ಹದಿನೆಂಟು ವರ್ಷ ಆದ್ಮೇಲೆ ನಾವ್ ಗೆದ್ವಿ ಮಾವ. ನಾವ್ ಮೆಟ್ರೋ ಇಳಿದು ಹೋದ್ವಿ. ನಾವ್ ಗೇಟ್ ಹತ್ರ ಇದ್ವಿ. ಆಮೇಲೆ ಜನ ನೂಕಿದ್ರು.”

ನಾವು, ನಾವು, ನಾವು, ಆಮೇಲೆ ‘ಜನ’.

ಅವನು ಬೇಕೆಂದು ಹಾಗೆ ಹೇಳಲಿಲ್ಲ. ನಾನಾಗಿದ್ದರೂ ಹಾಗೆಯೇ ಹೇಳುತ್ತಿದ್ದೆ. ಹೋರಿ ಹಬ್ಬದಲ್ಲೂ ಇದೇ ರೀತಿ. ೨೦೨೨ರ ದೀಪಾವಳಿಯ ಹೊತ್ತಿನಲ್ಲಿ ಈ ಜಿಲ್ಲೆಯಲ್ಲೇ ಹಬ್ಬ ನೋಡಹೋದವರು ಹೋರಿ ತಿವಿದು ಸತ್ತರು. ಆಗಲೂ ಕೇಳಿದ ಮಾತು, “ಅವನೇ ಅಡ್ಡ ಬಂದ”. ಹೋರಿಯ ವಿಷಯದಲ್ಲಂತೂ ‘ನಾವು’ ಇನ್ನೂ ಅನುಕೂಲವಾದದ್ದು. ಗೆದ್ದವರು ನಾವು, ಬೆದರಿದ್ದು ಹೋರಿ. ಈ ಸ್ಪರ್ಧೆಗೆ ‘ಹೋರಿ ಬೆದರಿಸುವುದು’ ಎಂಬ ಹಳೆಯ ಹೆಸರೇ ಇದೆ. ನಮ್ಮ ಹಿರಿಯರು ಹೆಸರಿಡುವಾಗ ಏನನ್ನೂ ಮುಚ್ಚಿಡಲಿಲ್ಲ. ಅದು ಓಡುವುದು ಗೆಲ್ಲುವುದಕ್ಕಲ್ಲ, ಆ ಗದ್ದಲದಿಂದ ಪಾರಾಗುವುದಕ್ಕೆ. ಇಂಥ ಆಟಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ಬೇಡವೆಂದಿತು. ರಾಜ್ಯಗಳು ಕಾನೂನು ತಿದ್ದಿದ ಮೇಲೆ ೨೦೨೩ರಲ್ಲಿ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಬಹುದು. ಒಡೆಯನ ಪ್ರೀತಿ ಸುಳ್ಳಲ್ಲ, ಅಭಿಮಾನಿಯ ಪ್ರೀತಿಯೂ ಸುಳ್ಳಲ್ಲ. ಆದರೆ ಪ್ರೀತಿ ಕಣ್ಣು ತುಂಬಿದಾಗ ಮುಂದೆ ನಿಂತವರ ಮೈ ಕಾಣಿಸದೆ ಹೋಗುತ್ತದೆ. ಅದು ಹೋರಿಯ ಮೈ ಆಗಲಿ, ಗೇಟಿನ ಬಳಿ ಉಸಿರು ಸಿಕ್ಕದೆ ನಿಂತ ಹುಡುಗಿಯದಾಗಲಿ.

ಇದನ್ನು ನಾನು ಅವನಿಗೆ ಇಷ್ಟು ಉದ್ದವಾಗಿ ಹೇಳಲಿಲ್ಲ. “ಆ ಜನ ಯಾರು?” ಎಂದು ಮಾತ್ರ ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಎದ್ದು ಅಂಗಳದ ವೀರಗಲ್ಲುಗಳ ಕಡೆ ನಡೆದ. ಕೆಳಗಿನ ಸಾಲಿನಲ್ಲಿ ಕಾಳಗ, ಅದರ ಮೇಲೆ ಸತ್ತವನನ್ನು ಕೊಂಡೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಸನ್ನಿಧಿ. ಊರಿನ ತುರುಗಳನ್ನು ಬಿಡಿಸಲು ಹೋಗಿ ಮಡಿದವರಿಗೂ ನಮ್ಮ ನಾಡು ಹೀಗೆಯೇ ಕಲ್ಲು ನಿಲ್ಲಿಸಿತು. ಒಬ್ಬ ಸತ್ತ, ಊರು “ನಮ್ಮವನು” ಎಂದು ಒಪ್ಪಿಕೊಂಡು ಕಲ್ಲು ಕಡೆಸಿತು. ಕೀರ್ತಿಯನ್ನು ಹಂಚಿಕೊಂಡವರು ಸಾವಿನ ಲೆಕ್ಕವನ್ನೂ ಬರೆದಿಟ್ಟರು.

ಸ್ವಲ್ಪ ಹೊತ್ತಿನ ಮೇಲೆ, ಕಲ್ಲಿನ ಕಡೆಯೇ ನೋಡುತ್ತ, “ನಾವೂ ನೂಕಿದ್ವಿ ಮಾವ,” ಎಂದ. “ಹಿಂದಿನಿಂದ ಒತ್ತಿದ್ರು ಅಂತ ನಾವೂ ಮುಂದಕ್ಕೆ ಒತ್ತಿದ್ವಿ. ಮುಂದೆ ಯಾರಿದ್ರೋ ಕಾಣ್ಲಿಲ್ಲ.”

ಚಹಾ ಕುಡಿಯಲೆಂದು ಊರ ಕಡೆ ಹೊರಟೆವು. ದಾರಿಯಲ್ಲಿ ಹಿಂದಿನ ದಿನದ ಹಬ್ಬ ಹೇಗಿತ್ತೆಂದು ಕೇಳಿದೆ. ಹೋರಿ ಹೇಗೆ ಹಾಯಿತು, ಎಷ್ಟು ಜನ ಕೈ ಹಾಕಿದರು ಎಂದು. ಅವನಿಗೆ ಸರಿಯಾಗಿ ಹೇಳಲು ಬರಲಿಲ್ಲ. ಈ ವರ್ಷ ಅವನೂ ನಾಲ್ಕು ಗೆಳೆಯರೂ ಅಖಾಡದ ಅಂಚಿನಲ್ಲಿ ಜನರ ಕಡೆಗೆ ಮುಖ ಮಾಡಿ ನಿಲ್ಲುತ್ತಾರಂತೆ. ಬೇಲಿಯ ಒಳಗೆ ನುಗ್ಗುವ ಚಿಕ್ಕ ಹುಡುಗರನ್ನು ಕೂಗಿ ಕೂಗಿ ಹಿಂದಕ್ಕೆ ಕಳಿಸುವುದು ಅವರ ಕೆಲಸ. ಗಂಟಲು ಕಟ್ಟಿದ್ದು ಅದಕ್ಕೆ. ಹೋರಿ ಅವನ ಬೆನ್ನ ಹಿಂದೆ ಓಡಿ ಹೋಯಿತು. ಗೆದ್ದದ್ದು ತಿಳಿದದ್ದು ಎದುರಿಗಿದ್ದವರ ಮುಖ ನೋಡಿ.