ಎಲ್ಲದಕ್ಕೂ ‘ಇಲ್ಲ’ ಅಂತ ಹಾಕು

ಹೋದ ವಾರ ಆಫೀಸಿನಲ್ಲಿ ರಕ್ತದಾನ ಶಿಬಿರ ಇತ್ತು. ನಾನು ರಕ್ತ ಕೊಡದೆ ವಾಪಸ್ ಬಂದೆ. ಬರೀ ಬಿಸ್ಕತ್ತು ತಿಂದು ಬಂದ ಅಂತ ಟೀಮಿನವರು ಇನ್ನೂ ಕಾಲೆಳೀತಿದಾರೆ. ಕಾರಣ ಹೇಳಬೇಕಂದ್ರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅವ್ವನಿಗೆ ಆಪರೇಷನ್ ಆಗಬೇಕಿತ್ತು. ಎರಡು ಯೂನಿಟ್ ರಕ್ತ ಬೇಕು, ಬದಲಿಗೆ ರಕ್ತ ಕೊಡೋಕೆ ಇಬ್ಬರನ್ನು ಕರ್ಕೊಂಡು ಬನ್ನಿ ಅಂದರು. ಒಬ್ಬ ನಾನು. ಇನ್ನೊಬ್ಬರಿಗೆ ಅಂತ ಊರಿಗೆ ಫೋನ್ ಮಾಡಿದರೆ, ನಾಟಿ ಟೈಮು, ರಕ್ತ ಕೊಟ್ರೆ ನಿಶ್ಶಕ್ತಿ ಆಗುತ್ತೆ ಅಂತ ಒಬ್ಬೊಬ್ಬರಾಗಿ ಜಾರಿಕೊಂಡರು. ಕೊನೆಗೆ ಚಿಕ್ಕಪ್ಪನ ಮಗ ಬೆಳಗಿನ ಮೊದಲ ಬಸ್ಸಿಗೆ ಬಂದ. ಫಾರ್ಮ್ ತುಂಬೋವಾಗ ಮೆಲ್ಲಗೆ ಕೇಳಿದ: “ಅಣ್ಣಾ, ಹೋದ ವಾರ ಜ್ವರ ಬಂದಿತ್ತು, ಇನ್ನೂ ಮಾತ್ರೆ ನುಂಗ್ತಿದೀನಿ. ಬರೀಲಾ?”

“ಬ್ಯಾಡ ಕಣೋ, ಎಲ್ಲದಕ್ಕೂ ಇಲ್ಲ ಅಂತ ಹಾಕು.”

ಹಾಕಿದ. ಅವ್ವ ಹುಷಾರಾಗಿ ಮನೆಗೆ ಬಂದಳು.

ಅವನ ರಕ್ತ ಅವ್ವನಿಗೆ ಹೋಗಲಿಲ್ಲ, ಗುಂಪೇ ಬೇರೆ. ಯಾರದೋ ರಕ್ತ ನಮಗೆ ಬಂತು, ಅವನದು ಯಾರಿಗೋ ಹೋಯ್ತು. ಆ ಇನ್ನೊಬ್ಬರ ಬಗ್ಗೆ ನಾನು ಅವತ್ತು ಒಂದು ಕ್ಷಣವೂ ಯೋಚಿಸಲಿಲ್ಲ. ನಮಗೆ ಬಂದ ಬಾಟಲಿಯ ಹಿಂದೆ ನನ್ನಂಥವನೇ ಒಬ್ಬ ನಿಂತು ಸುಳ್ಳು ಬರೆಸಿದ್ದರೆ?

ರಕ್ತ ಮಾರಾಟವನ್ನು ನಮ್ಮಲ್ಲಿ ನಿಲ್ಲಿಸಿದ್ದು ಸುಪ್ರೀಂ ಕೋರ್ಟಿನ 1996ರ ತೀರ್ಪು. 1998ರ ಜನವರಿಯಿಂದ ಅದು ನಿಷಿದ್ಧ. ದುಡ್ಡಿಗೆ ಕೊಡೋರು ಕಾಯಿಲೆ ಮುಚ್ಚಿಡ್ತಾರೆ ಅನ್ನೋದು ಇದಕ್ಕೆ ಹೇಳುವ ಕಾರಣಗಳಲ್ಲಿ ಒಂದು. ಸರಿ, ನಾವು ಮಾಡಿದ್ದೇನು? ದುಡ್ಡು ಮುಟ್ಟಲಿಲ್ಲ, ಅಷ್ಟೇ ತಾನೆ?

ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಎಲ್ಲ ಪರೀಕ್ಷೆ ಮಾಡ್ತಾರೆ, ನಿಜ. ಆದರೆ ಸೋಂಕು ತಗುಲಿದ ಹೊಸತರಲ್ಲಿ ಟೆಸ್ಟಿಗೂ ಸಿಗದೇ ಹೋಗಬಹುದು. (ಟೆಸ್ಟಿಂಗ್ ದಾಟಿಕೊಂಡು ಏನೇನು ಹೋಗುತ್ತೆ ಅಂತ ಸಾಫ್ಟ್‌ವೇರಿನವರಿಗೆ ಹೇಳಿಕೊಡಬೇಕಾ?) ಅಲ್ಲಿ ಉಳಿಯೋದು ಕೊಡುವವನ ಬಾಯಿಮಾತು. 350 ಎಂಎಲ್ ರಕ್ತ ಮೈಯಲ್ಲಿ ಮತ್ತೆ ಹುಟ್ಟುತ್ತೆ, ಗಂಡಸರು 3 ತಿಂಗಳಿಗೆ ಇನ್ನೊಮ್ಮೆ ಕೊಡಬಹುದು. ಕಷ್ಟ ಇರೋದು ಸೂಜಿಯಲ್ಲಲ್ಲ, ಫಾರ್ಮಿನಲ್ಲಿ.

ಹೋದ ವಾರ ಹಲ್ಲು ಕೀಳಿಸಿಕೊಂಡು ಆ್ಯಂಟಿಬಯಾಟಿಕ್ ತಗೋತಿದ್ದೆ. ಹಾಗಂತಲೇ ಬರೆದೆ. ಡಾಕ್ಟರು ಮುಂದಿನ ಸಲ ಬನ್ನಿ ಅಂದರು. ಸುಲಭವಾಗಿತ್ತು, ಯಾಕಂದ್ರೆ ಒಳಗೆ ಅವ್ವ ಮಲಗಿರಲಿಲ್ಲ. ಮಲಗಿದ್ದರೆ ಬರೀತಿದ್ನಾ?

ಅವತ್ತು ರಾತ್ರಿ ತಮ್ಮನಿಗೆ ಫೋನ್ ಮಾಡಿ ಹಳೇದನ್ನು ಕೆದಕಿದೆ. “ಯಾವ ಜ್ವರ ಅಣ್ಣಾ? ದೊಡ್ಡವ್ವ ಹುಷಾರಾದ್ಲಲ್ಲ, ಬಿಡು” ಅಂದ.