ಹದಿನೆಂಟು ತುಂಬಿದ ಮರುದಿನ



ತಾಯ್ತಂದೆಗಳಿಲ್ಲದ ಕೂಸಿಗೆ ಅನ್ನವಿಕ್ಕುವುದು ಧರ್ಮವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಬೀದಿಯಲ್ಲಿ ಅಳುತ್ತ ನಿಂತ ಮೂರು ವರ್ಷದ ಮಗುವನ್ನು ಕಂಡು ಕರಗದ ಹೃದಯ ನಮ್ಮ ನಾಡಿನಲ್ಲಿ ಅಪರೂಪ. ಆದರೆ ಅದೇ ಮಗು ಬಾಲಮಂದಿರದಲ್ಲಿ ಬೆಳೆದು, ಮೀಸೆ ಚಿಗುರಿದ ತರುಣನಾಗಿ ನಮ್ಮ ಬಾಗಿಲಿಗೆ ಬಂದು, ‘ನಾನು ಕಾಲೇಜು ಓದಬೇಕೆಂದಿದ್ದೇನೆ, ಶುಲ್ಕಕ್ಕೆ ಒಂದು ದಾರಿ ತೋರಿಸಿರಿ’ ಎಂದಾಗ ನಮ್ಮ ಕರುಣೆ ಇದ್ದಕ್ಕಿದ್ದಂತೆ ತಡವರಿಸುವುದೇಕೆ? ಮಗುವಾಗಿದ್ದಾಗ ಅವನ ಮೇಲೆ ನಮಗಿದ್ದ ಋಣ ಅವನ ಹದಿನೆಂಟನೆಯ ಹುಟ್ಟುಹಬ್ಬದ ರಾತ್ರಿ ತೀರಿಹೋಯಿತೇ? ಈ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುವ ಅಧಿಕಾರ ನನಗೆ ಪಾಂಡಿತ್ಯದಿಂದ ಬಂದುದಲ್ಲ, ನನ್ನಿಂದಾದ ಒಂದು ತಪ್ಪಿನಿಂದ ಬಂದುದು. ಅದನ್ನು ಮೊದಲು ನಿವೇದಿಸಿಬಿಡುತ್ತೇನೆ.

೨೦೧೮ರ ಜೂನ್ ತಿಂಗಳು. ನಾನು ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿ ಎರಡು ವರ್ಷ ಸಂದಿದ್ದವು. ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದ, ಬಾಲಮಂದಿರದಲ್ಲಿ ಬೆಳೆದ ಹುಡುಗನೊಬ್ಬ ಮನೆಗೆ ಬಂದ. ಇಂಜಿನಿಯರಿಂಗ್ ಸೀಟು ದೊರೆತಿತ್ತು. ಬ್ಯಾಂಕಿನವರು ಸಾಲ ಕೊಡಲು ಸಿದ್ಧರಿದ್ದರು. ನಾಲ್ಕು ಲಕ್ಷದವರೆಗಿನ ವಿದ್ಯಾಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಅಡವು ಬೇಕಿಲ್ಲ. ಆದರೆ ತಂದೆಯೋ ತಾಯಿಯೋ ಪೋಷಕನೋ ಜಂಟಿ ಸಾಲಗಾರನಾಗಿ ರುಜು ಹಾಕಬೇಕು. ಅವನಿಗೆ ಆ ಮೂವರಲ್ಲಿ ಯಾರೂ ಇರಲಿಲ್ಲ. ‘ಸರ್, ತಾವು ಒಂದು ಸಹಿ ಹಾಕಿದರೆ ಸಾಕು’ ಎಂದ. ನಾನು ‘ಇಲ್ಲ’ ಎನ್ನಲಿಲ್ಲ. ‘ಮನೆಯಲ್ಲಿ ವಿಚಾರಿಸಿ ಹೇಳುತ್ತೇನೆ, ಬರುವ ವಾರ ಬಾ’ ಎಂದೆ. ನಮ್ಮಂಥ ಸಭ್ಯರು ‘ಇಲ್ಲ’ ಎನ್ನುವ ರೀತಿಯೇ ಅದು. ಹುಡುಗ ಬುದ್ಧಿವಂತ, ಅರ್ಥಮಾಡಿಕೊಂಡ. ಬರುವ ವಾರ ಬರಲಿಲ್ಲ.

ಮೂರು ವರ್ಷಗಳ ತರುವಾಯ ಹುಬ್ಬಳ್ಳಿಯ ಸರಕು ಸಾಗಣೆಯ ಗೋದಾಮೊಂದರ ಮುಂದೆ ಅವನನ್ನು ಕಂಡೆ. ಲಾರಿಯಿಂದ ಇಳಿಸಿದ ಮೂಟೆಗಳ ಲೆಕ್ಕ ಬರೆಯುತ್ತಿದ್ದ. ನನ್ನನ್ನು ಕಂಡೊಡನೆ ಪೆನ್ನು ಕಿಸೆಗೆ ಸಿಕ್ಕಿಸಿ ಕಾಲು ಮುಟ್ಟಿ ನಮಸ್ಕರಿಸಿ, ‘ಸರ್, ಅರಾಮ ಅದೀರೇನ್ರಿ?’ ಎಂದ. ಮಾತಿನಲ್ಲಿ ಒಂದು ಎಳೆಯಷ್ಟೂ ಕಹಿಯಿರಲಿಲ್ಲ. ದುಡಿದು ತಿನ್ನುವ ಅವನ ಕಾಯಕದಲ್ಲಿ ಹೀನತೆಯೇನೂ ಇಲ್ಲ. ಆದರೆ ಗಣಿತದಲ್ಲಿ ಅವನಿಗಿದ್ದ ಗತಿಯನ್ನು ತರಗತಿಯಲ್ಲಿ ಕಂಡವನು ನಾನು. ಆ ಮೂಟೆಗಳ ಲೆಕ್ಕದಲ್ಲಿ ನನ್ನದೊಂದು ಸಹಿಯ ಬೆಲೆಯೂ ಸೇರಿತ್ತು.

ಈಗ ವಿಚಾರಕ್ಕೆ ಬರೋಣ. ನಾನು ಮಾಡಿದ್ದು ಅಧರ್ಮವೇ? ಕಾನೂನು ನನ್ನನ್ನು ಹಿಡಿಯಲಾರದು. ನಾನು ಅವನಿಗೆ ಕೇಡು ಬಗೆಯಲಿಲ್ಲ, ಅವನದೇನನ್ನೂ ಕಸಿಯಲಿಲ್ಲ. ಅವನ ಹೊಣೆ ‘ಸಮಾಜ’ದ್ದು ಎಂದು ಸಮಾಧಾನ ಹೇಳಿಕೊಳ್ಳಬಹುದು, ಬಹಳ ದಿನ ಹಾಗೆಯೇ ಹೇಳಿಕೊಂಡೆ. ಆದರೆ ಸಮಾಜಕ್ಕೆ ಸಹಿ ಹಾಕುವ ಕೈಯಿಲ್ಲ. ತಾಯ್ತಂದೆಯಿದ್ದ ಮಗುವಿನ ಹೊಣೆಗೆ ಒಂದು ಹೆಸರು, ಒಂದು ಮನೆ, ಒಂದು ಮುಖವಿರುತ್ತದೆ. ಇಲ್ಲದ ಮಗುವಿನ ಹೊಣೆ ಎಲ್ಲರದೂ ಆಗಿ, ಕಡೆಗೆ ಯಾರದೂ ಅಲ್ಲದೆ ಹೋಗುತ್ತದೆ. ಅನಾಥತ್ವವೆಂದರೆ ಪ್ರೀತಿಯ ಕೊರತೆ ಮಾತ್ರವಲ್ಲವೆಂದು ನನಗೆ ಹೊಳೆದದ್ದು ಈ ಪ್ರಸಂಗದಿಂದ. ಅರ್ಜಿಯ ಕೊನೆಯಲ್ಲಿ ಬರೆಯಲು ಎರಡನೆಯದೊಂದು ಹೆಸರಿಲ್ಲದಿರುವುದೂ ಅನಾಥತ್ವವೇ.

ಸರಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ೨೦೧೫ರ ಬಾಲನ್ಯಾಯ ಅಧಿನಿಯಮದ ೪೬ನೆಯ ಕಲಮು, ಹದಿನೆಂಟು ತುಂಬಿ ಪಾಲನಾ ಸಂಸ್ಥೆಯಿಂದ ಹೊರಬರುವವರಿಗೆ ಹಣಕಾಸಿನ ನೆರವು ನೀಡಬಹುದೆನ್ನುತ್ತದೆ. ೨೦೧೬ರ ಮಾದರಿ ನಿಯಮಗಳು ಈ ಅನುಪಾಲನೆಯನ್ನು ೨೧ ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ ೨೩ರವರೆಗೆ ವಿಸ್ತರಿಸಿವೆ. ೨೦೨೨ರಲ್ಲಿ ಹೊರಟ ‘ಮಿಷನ್ ವಾತ್ಸಲ್ಯ’ದ ಮಾರ್ಗಸೂಚಿ ಅಂಥವರಿಗೆ ತಿಂಗಳಿಗೆ ೪,೦೦೦ ರೂಪಾಯಿಗಳನ್ನು ಗೊತ್ತುಪಡಿಸಿದೆ. ಜಿಲ್ಲೆಗೊಂದು ಮಕ್ಕಳ ರಕ್ಷಣಾ ಘಟಕವಿದೆ, ಮಕ್ಕಳ ಕಲ್ಯಾಣ ಸಮಿತಿಯಿದೆ. ಆದರೆ ಕಲಮಿನಲ್ಲಿರುವ ಶಬ್ದ ‘ನೀಡಬಹುದು’, ‘ನೀಡತಕ್ಕದ್ದು’ ಅಲ್ಲ. ಈ ಎರಡು ಕ್ರಿಯಾಪದಗಳ ನಡುವಿನ ಕಂದಕದಲ್ಲಿ ಎಷ್ಟೋ ಮಕ್ಕಳ ವಿದ್ಯೆ ಬಿದ್ದುಹೋಗುವ ಭಯವಿದೆ. ಅಲ್ಲದೆ ನೆರವು ಇದೆಯೆಂದು ಅರಿಯದವನಿಗೆ ನೆರವು ಇಲ್ಲದಂತೆಯೇ. ನಮ್ಮ ಮಕ್ಕಳಿಗೆ ಅರ್ಜಿಯ ಕಡೆಯ ದಿನವನ್ನು ನೆನಪಿಸಲು ನಾವಿದ್ದೇವೆ. ಆ ಮಕ್ಕಳಿಗೆ ಯಾರಿದ್ದಾರೆ?

ಇನ್ನೊಂದು ವಿಚಿತ್ರವನ್ನು ಗಮನಿಸಿರಿ. ಹದಿನೆಂಟು ತುಂಬುವುದು ಜೂನ್ ತಿಂಗಳಲ್ಲೇ ಎಂದೇನೂ ಇಲ್ಲ. ನವೆಂಬರಿನಲ್ಲಿ ತುಂಬಿದರೆ ಪರೀಕ್ಷೆ ಇನ್ನೂ ಮುಂದಿರುತ್ತದೆ, ಕಾನೂನಿನ ಬಾಲ್ಯ ಮಾತ್ರ ಮುಗಿದಿರುತ್ತದೆ. ಇನ್ನು ಎಷ್ಟೋ ಮಕ್ಕಳಿಗೆ ಜನ್ಮ ದಾಖಲೆಯೇ ಇಲ್ಲ. ಅಂಥ ಕಡೆ ವೈದ್ಯರು ಎಲುಬು ಪರೀಕ್ಷಿಸಿ ವಯಸ್ಸನ್ನು ಅಂದಾಜು ಮಾಡುತ್ತಾರೆ. ಅಂದಾಜಿನಿಂದ ಹುಟ್ಟಿದ ತಾರೀಖಿಗೆ ಒಬ್ಬ ಮನುಷ್ಯ ನಿಶ್ಚಯವಾಗಿ ಪ್ರಾಪ್ತವಯಸ್ಕನಾಗಿಬಿಡುತ್ತಾನೆ!

‘ಕಾಯಕವೇ ದೊಡ್ಡದೆನ್ನುವ ಧರ್ಮ ನಮ್ಮದು. ಹದಿನೆಂಟರ ತರುಣ ದುಡಿಯಲಿ. ಕೂಡಿಸಿ ಓದಿಸುವುದು ಅವನನ್ನು ಪರಾವಲಂಬಿಯಾಗಿಸಿದಂತಲ್ಲವೇ?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಮಾತು ನೇರವಾಗಿದೆ, ಅಳತೆಗೋಲು ಮಾತ್ರ ಸೊಟ್ಟಗಿದೆ. ನಮ್ಮ ಸ್ವಂತ ಮಗನಿಗೆ ಹದಿನೆಂಟು ತುಂಬಿದ ಮರುದಿನ ಅವನ ಕೈಗೆ ಚೀಲ ಕೊಟ್ಟು ‘ಹೋಗಿ ದುಡಿ’ ಎಂದವರು ನಮ್ಮಲ್ಲಿ ಎಷ್ಟು ಮಂದಿ? ಹೊಲ ಒತ್ತೆಯಿಟ್ಟವರಿದ್ದೇವೆ, ಮಡದಿಯ ಬಳೆ ಮಾರಿದವರಿದ್ದೇವೆ. ಮಗ ಒಂದು ವಿಷಯದಲ್ಲಿ ನಪಾಸಾದರೆ ಮರುಪರೀಕ್ಷೆಯ ಶುಲ್ಕ ಕಟ್ಟಿ, ನೆರೆಹೊರೆಯವರಿಗೆ ‘ಪ್ರಶ್ನೆಪತ್ರಿಕೆ ಬಹಳ ಕಠಿಣವಾಗಿತ್ತು’ ಎಂದವರೂ ಇದ್ದೇವೆ. ಬಾಲಮಂದಿರದ ಹುಡುಗ ಒಮ್ಮೆ ನಪಾಸಾದರೆ ‘ಕೊಟ್ಟದ್ದು ವ್ಯರ್ಥವಾಯಿತು’ ಎನ್ನುತ್ತೇವೆ. ಒಮ್ಮೆ ಎಡವುವ ಹಕ್ಕು ಮನೆಯಿರುವವನಿಗೆ ಮಾತ್ರ ಏಕೆ? ಕಾಯಕಕ್ಕೆ ವಿದ್ಯೆಯೂ ಒಂದು ಸಲಕರಣೆ. ಸಲಕರಣೆಯನ್ನು ಕೈಗೆ ಕೊಡದೆ ಕಾಯಕವನ್ನು ಉಪದೇಶಿಸುವುದು ಸುಲಭ.

ಕೊಡುವವರ ಮನಸ್ಸಿನಲ್ಲಿರುವ ತರತಮವನ್ನೂ ನೋಡಬೇಕು. ಕೋವಿಡ್ ಮಾರಿಗೆ ತಾಯ್ತಂದೆಯರನ್ನು ಕಳೆದುಕೊಂಡ ಮಕ್ಕಳಿಗಾಗಿ ೨೦೨೧ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಪಿ.ಎಂ. ಕೇರ್ಸ್ ನಿಧಿಯಿಂದ ಒಂದು ಯೋಜನೆಯನ್ನು ಸಾರಿತು: ಹದಿನೆಂಟರಿಂದ ಇಪ್ಪತ್ತಮೂರರವರೆಗೆ ಪ್ರತಿ ತಿಂಗಳೂ ವೇತನ, ಇಪ್ಪತ್ತಮೂರು ತುಂಬಿದಾಗ ೧೦ ಲಕ್ಷ ರೂಪಾಯಿ, ಉಚ್ಚ ಶಿಕ್ಷಣದ ಸಾಲಕ್ಕೆ ಬಡ್ಡಿಯ ನೆರವು. ಅತ್ಯಂತ ಯೋಗ್ಯವಾದ ಕಾರ್ಯ. ಹದಿನೆಂಟಕ್ಕೆ ಮಗು ಸ್ವಯಂಪೂರ್ಣವಾಗುವುದಿಲ್ಲವೆಂಬುದನ್ನು ಪ್ರಭುತ್ವವೇ ಒಪ್ಪಿಕೊಂಡಂತಾಯಿತು. ಆದರೆ ತಾಯಿ ಹೆರಿಗೆಯಲ್ಲಿ, ತಂದೆ ಕುಡಿತದಲ್ಲಿ ಹೋದರೆ ಆ ಮಗುವಿನ ಅನಾಥತ್ವ ಕಡಿಮೆ ತೂಕದ್ದೇ? ನಾಡೆಲ್ಲ ಅತ್ತ ಸಾವಿಗೆ ಸಿಕ್ಕ ನೆರವು, ಯಾರೂ ಅಳದ ಸಾವಿಗೆ ಸಿಗಲಿಲ್ಲ.

ದೂರದ ಅಮೇರಿಕೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಅಲ್ಲಿ ತಂದೆತಾಯಿಗಳಿಂದ ಬೇರೆಯಾದ ಮಕ್ಕಳನ್ನು ಸಾಕು ಕುಟುಂಬಗಳಲ್ಲಿ ಇರಿಸುವುದು ರೂಢಿ. ಕಾಲೇಜಿನ ನೆರವಿಗಾಗಿ ಸಂಯುಕ್ತ ಸರಕಾರಕ್ಕೆ ಅರ್ಜಿ ಹಾಕುವ ಹೆಚ್ಚಿನ ತರುಣರು ತಾಯ್ತಂದೆಯರ ಆದಾಯವನ್ನು ತೋರಿಸಬೇಕು. ಆದರೆ ಹದಿಮೂರು ತುಂಬಿದ ಮೇಲೆ ಎಂದಾದರೂ ಇಂಥ ಸಾಕು ವ್ಯವಸ್ಥೆಯಲ್ಲಿದ್ದವನಿಗೆ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅವನನ್ನು ಸ್ವತಂತ್ರನೆಂದೇ ಎಣಿಸುತ್ತಾರೆ. ಅದರ ಮೇಲೆ ವರ್ಷಕ್ಕೆ ೫,೦೦೦ ಡಾಲರುಗಳವರೆಗೆ ಪ್ರತ್ಯೇಕ ನೆರವೂ ಉಂಟು. ಅಲ್ಲಿಯೂ ಅರ್ಜಿ ತುಂಬಿಸಲು ಪಕ್ಕದಲ್ಲಿ ಕೂಡುವ ಹಿರಿಯರಿಲ್ಲದೆ ಸೋಲುವವರಿದ್ದಾರೆ. ನನ್ನ ಮನಸ್ಸನ್ನು ಹಿಡಿದದ್ದು ಹಣದ ಮೊತ್ತವಲ್ಲ, ಕೇಳಬಾರದ ಪ್ರಶ್ನೆಯನ್ನು ಕೇಳದೆ ಬಿಟ್ಟ ಆ ವಿವೇಕ. ಯಾರವನೆಂದು ವಿಚಾರಿಸದೆ ನಮ್ಮವನೆಂದು ಬಗೆಯಬೇಕೆಂಬ ಬಸವಣ್ಣನವರ ವಚನವನ್ನು ಸಭೆಸಭೆಯಲ್ಲಿ ಹೇಳುವ ನಾವು, ತಂದೆಯ ಹೆಸರಿನ ಮುಂದಿನ ಖಾಲಿ ಜಾಗವನ್ನು ಕಂಡು ಅರ್ಜಿಯನ್ನು ತಿರುಗಿಸಿ ಕೊಡುತ್ತೇವೆ.

ನಮ್ಮಲ್ಲಿ ಇದಕ್ಕೆ ಪೂರ್ವನಿದರ್ಶನವಿಲ್ಲವೆಂದಲ್ಲ. ತ್ಯಾಗವೀರ ಸಿರಸಂಗಿ ಲಿಂಗರಾಜರ (೧೮೬೧–೧೯೦೬) ಹೆಸರು ನಿಮ್ಮೆಲ್ಲರಿಗೂ ಪರಿಚಿತ. ೧೯೦೪ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಅಧ್ಯಕ್ಷರವರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ. ನಾವು ಅಷ್ಟಾಗಿ ನೆನೆಯದ ಸಂಗತಿಯೆಂದರೆ ಅವರು ಸಿರಸಂಗಿಯ ದೇಸಗತಿಗೆ ಹುಟ್ಟಿದವರಲ್ಲ, ದತ್ತು ಬಂದವರು. ಹುಟ್ಟಿದ ಮನೆಯನ್ನು ಬಿಟ್ಟು ಬೇರೊಂದು ಮನೆಯ ಹೆಸರನ್ನು ಹೊತ್ತ ಆ ಬಾಲಕ ಬೆಳೆದು, ತನಗೆ ಬಂದ ಸಂಪತ್ತನ್ನು ಉಯಿಲಿನ ಮೂಲಕ ಬಡ ವಿದ್ಯಾರ್ಥಿಗಳ ಓದಿಗೆಂದು ಬಿಟ್ಟುಹೋದ. ತಾನು ಹೆರದವರ ವಿದ್ಯೆಗೆ ತನ್ನ ಆಸ್ತಿಯನ್ನು ಬಾಧ್ಯವಾಗಿಸಿದ. ಅಂದಿನ ಕಾಲಕ್ಕೆ ಅದು ಸ್ವಸಮಾಜದ ವಿದ್ಯಾರ್ಥಿಗಳಿಗೆಂದೇ ಇದ್ದುದು ನಿಜ. ಇಂದು ನಮ್ಮ ಬೇಲಿ ಅಷ್ಟು ಹತ್ತಿರವಿರಬೇಕಾಗಿಲ್ಲ. ಆ ಉಯಿಲಿನ ಗುಣ ಇನ್ನೊಂದಿದೆ: ನೆರವು ಪಡೆದವನು ದಾತನ ಎದುರು ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ, ದಾತ ಆಗಲೇ ಲಿಂಗೈಕ್ಯ.

ಇದು ಸಣ್ಣ ಮಾತಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಕೊಳ್ಳುವವನ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ನೀಡುವವನೇ ದಾಸ. ಪ್ರಸಾದನಿಲಯದ ಪಂಕ್ತಿಯಲ್ಲಿ ರೊಟ್ಟಿ ಬಡಿಸಿದ ಮರಿದೇವರು ನನ್ನ ಮುಖ ನೋಡಿ ‘ಇವನು ಕೃತಜ್ಞನೋ ಅಲ್ಲವೋ’ ಎಂದು ಅಳೆದದ್ದು ನನಗೆ ನೆನಪಿಲ್ಲ, ‘ಇನ್ನೊಂದು ಬೇಕೇನೋ?’ ಎಂದು ಕೇಳಿದ್ದು ನೆನಪಿದೆ. ನಮ್ಮ ಸಹಾಯ ಸಮಾರಂಭಗಳಲ್ಲಾದರೋ ಹುಡುಗನನ್ನು ವೇದಿಕೆಗೆ ಹತ್ತಿಸಿ, ಅವನ ಅನಾಥತ್ವವನ್ನು ಧ್ವನಿವರ್ಧಕದಲ್ಲಿ ಸಾರಿ, ಲಕ್ಕೋಟೆ ಕೊಟ್ಟು ಫೋಟೋ ತೆಗೆಸುತ್ತೇವೆ. ಆ ಲಕ್ಕೋಟೆಯಲ್ಲಿ ಒಂದು ಅವಧಿಯ ಶುಲ್ಕವೂ ಇರುವುದಿಲ್ಲ. ಇಂಥ ಸಮಾರಂಭಗಳ ಅಧ್ಯಕ್ಷತೆಯನ್ನು ನಾನೂ ವಹಿಸಿದ್ದೇನೆಂಬುದನ್ನು ಮುಚ್ಚಿಡಲಾರೆ.

ಆದುದರಿಂದ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ನನ್ನ ಬೇಡಿಕೆ ದೊಡ್ಡ ನಿಧಿಯದಲ್ಲ. ನಿಮ್ಮಲ್ಲಿ ತಹಶೀಲ್ದಾರ ಕಚೇರಿಯಲ್ಲಿದ್ದವರಿದ್ದೀರಿ, ಬ್ಯಾಂಕಿನಲ್ಲಿದ್ದವರಿದ್ದೀರಿ, ಕಾಲೇಜಿನ ಪ್ರವೇಶದ ಮೇಜಿನಲ್ಲಿ ಕುಳಿತವರಿದ್ದೀರಿ. ನಿಮ್ಮ ಜಿಲ್ಲೆಯ ಬಾಲಮಂದಿರದಲ್ಲಿ ಈ ವರ್ಷ ಹದಿನೆಂಟು ತುಂಬುವವರು ಯಾರೆಂದು ಮಕ್ಕಳ ರಕ್ಷಣಾ ಘಟಕದವರನ್ನು ಕಂಡು, ಅವರ ಅನುಮತಿಯಿಂದ, ಮೊದಲೇ ವಿಚಾರಿಸಿರಿ. ಅಂಕಪಟ್ಟಿ, ಆಧಾರ್, ಬ್ಯಾಂಕ್ ಖಾತೆ, ಸಂಸ್ಥೆಯಲ್ಲಿ ಬೆಳೆದುದರ ಪತ್ರ, ಇವು ಹೊರಬರುವ ಮುನ್ನವೇ ಆ ಮಕ್ಕಳ ಕೈಯಲ್ಲಿರಲಿ. ಹೊರಬಂದ ಮೇಲೆ ಒಂದೊಂದು ಕಾಗದಕ್ಕೆ ಒಂದೊಂದು ತಿಂಗಳು ಹಿಡಿಯುತ್ತದೆ, ಪ್ರವೇಶದ ಬಾಗಿಲು ಅಷ್ಟು ದಿನ ತೆರೆದಿರುವುದಿಲ್ಲ. ಸಹಿ ಹಾಕುವ ಧೈರ್ಯವಿದ್ದವರು ಹಾಕಿರಿ. ಇಲ್ಲದವರು ಸ್ಪಷ್ಟವಾಗಿ ‘ಆಗದು’ ಎಂದು ಹೇಳಿ, ಆಗಬಲ್ಲವರ ಮನೆಗೆ ಜೊತೆಗೆ ನಡೆದು ಹೋಗಿರಿ. ‘ಬರುವ ವಾರ ಬಾ’ ಎನ್ನಬೇಡಿರಿ.

ಕಳೆದ ವರ್ಷ ಹುಡುಗಿಯೊಬ್ಬಳ ಬಿ.ಕಾಂ. ಪ್ರವೇಶಕ್ಕೆ ನಾನು ಹೋದೆ. ಅರ್ಜಿಯಲ್ಲಿ ‘ವಿದ್ಯಾರ್ಥಿಗೂ ತಮಗೂ ಇರುವ ಸಂಬಂಧ’ ಎಂಬ ಕಲಮಿತ್ತು. ಬಹಳ ಹೊತ್ತು ಯೋಚಿಸಿ ‘ಪೋಷಕ’ ಎಂದು ಬರೆದೆ. ಗುಮಾಸ್ತರು ಅದನ್ನು ಒಪ್ಪದೆ ಸಮಿತಿಯ ಪತ್ರ ಕೇಳಿದರು. ಎರಡು ದಿನ ಅಲೆದು ತಂದುಕೊಟ್ಟೆ. ದಸರೆಗೆ ಅವಳ ವಸತಿಗೃಹದ ಅಡುಗೆಮನೆ ಮುಚ್ಚಿತು. ಉಳಿದವರೆಲ್ಲ ಊರಿಗೆ ಹೊರಟರು. ಹೀಗೊಂದು ತೊಡಕು ಇದೆಯೆಂಬುದೇ ನನಗೆ ಹೊಳೆದಿರಲಿಲ್ಲ. ನನ್ನ ಮಡದಿ ಹೋಗಿ ಕರೆತಂದಳು. ಹತ್ತು ದಿನ ನಮ್ಮಲ್ಲಿದ್ದಳು. ಮೊದಲ ಮೂರು ದಿನ ಚೀಲ ಬಿಚ್ಚಲಿಲ್ಲ, ನಾಲ್ಕನೆಯ ದಿನ ಬಟ್ಟೆ ಒಗೆದು ಹಿತ್ತಲ ತಂತಿಗೆ ಹರವಿದಳು. ಎರಡನೆಯ ವರ್ಷದ ಶುಲ್ಕದ ಅರ್ಜಿಗೆ ಬೇಕಾದ ಕಾಗದಗಳ ಪ್ರತಿಗಳನ್ನು ಈಗ ಮನೆಯ ಕಪಾಟಿನಲ್ಲಿ ತೆಗೆದಿಟ್ಟಿದ್ದೇವೆ.